ಮೂರು ಊರು, ಎರಡು ಪಕ್ಷ, ಒಂದು ಕೆಂಪು ಚೀಟಿ

ಬೆಂಗಳೂರಿನಿಂದ ವಾಯವ್ಯಕ್ಕೆ 70 ಕಿಲೋಮೀಟರು ಸಾಗಿದರೆ ತುಮಕೂರು. ನಗರದ ಹೊಸ್ತಿಲಲ್ಲಿ ಕ್ಯಾತ್ಸಂದ್ರ. ಅದರ ಬದಿಗೇ ಸಿದ್ಧಗಂಗೆಯ ಬೆಟ್ಟ. ಮಠದಲ್ಲಿ ಅನ್ನ, ಅಕ್ಷರಗಳ ದಾಸೋಹ ನಡೆದರೆ, ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ತಟ್ಟೆ ಇಡ್ಲಿಯ ಸಮಾರಾಧನೆ. ಬೆಳಗಿನ ಹೊತ್ತು ಅಲ್ಲಿ ಕುಳಿತವರ ಮಾತು ಸಾಮಾನ್ಯವಾಗಿ ಮಳೆ, ಕೊಬ್ಬರಿಯ ಧಾರಣೆ, ರಾಜಕೀಯ, ಕ್ರಿಕೆಟ್ಟು—ಈ ನಾಲ್ಕರ ಎಲ್ಲೆ ದಾಟುವುದಿಲ್ಲ. ಹೇಳಿ ಕೇಳಿ ಇದು ಕಬಡ್ಡಿ, ಖೋಖೋಗಳ ಸೀಮೆ. ಆದುದರಿಂದ ಒಂದು ಭಾನುವಾರ ಮೂಲೆಯ ಮೇಜಿನಿಂದ 'ಕೆಂಪು ಚೀಟಿ', 'ನೂರೈದನೆಯ ನಿಮಿಷ' ಎಂಬ ಮಾತುಗಳು ಏರಿದ ದನಿಯಲ್ಲಿ ಕೇಳಿಬಂದಾಗ, ಪಕ್ಕದವರು ಇದು ಯಾವುದೋ ಪಡಿತರದ ವ್ಯಾಜ್ಯವಿರಬೇಕೆಂದು ಭಾವಿಸಿದರೆ ಅವರದೇನೂ ತಪ್ಪಿಲ್ಲ.

ಮೇಜಿನ ಬಳಿ ಇದ್ದವರು ಇಬ್ಬರು ಗೆಳೆಯರು. ಒಂದೇ ಕಚೇರಿಯ ನೌಕರರು. ಒಬ್ಬ ಅಪ್ಪಟ ತುಮಕೂರಿನವನು. 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಹುಟ್ಟಿದಂದಿನಿಂದ ಅದರ ನೀಲಿ ಅಂಗಿಗೆ ಮನಸೋತವನು. ಇನ್ನೊಬ್ಬ ಕಾರವಾರದ ಕಡೆಯವನು. ಮನೆಮಾತು ಕೊಂಕಣಿ, ಕಾಳಿ ನದಿಯಾಚೆ ತುಸು ದೂರ ಹೋದರೆ ಗೋವೆಯೇ ಆದ್ದರಿಂದ ಅವನ ಒಲವು ಎಫ್‌ಸಿ ಗೋವಾ ತಂಡದ ಕಿತ್ತಳೆ ಅಂಗಿಯ ಕಡೆಗೆ. ಆ ಭಾನುವಾರ ಇಬ್ಬರೂ ಮೋಟಾರು ಸೈಕಲ್ಲು ಏರಿ ಹೊರಟದ್ದು ತುಮಕೂರಿನವನ ತಂಗಿಯ ಲಗ್ನಪತ್ರಿಕೆಗಳನ್ನು ಹಂಚಲು. ಮೊದಲು ಗುಬ್ಬಿ, ಅನಂತರ ಕುಣಿಗಲ್ಲು. ಚೀಲದ ತುಂಬ ಪತ್ರಿಕೆಗಳು. ಒಂದೊಂದರ ನಾಲ್ಕು ಮೂಲೆಗೂ ಅರಿಸಿನ, ಕುಂಕುಮ.

ವ್ಯಾಜ್ಯದ ಮೂಲ 2019ರ ಮಾರ್ಚ್ 17ರ ರಾತ್ರಿ. ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ಮುಂಬಯಿಯಲ್ಲಿ ನಡೆಯಿತು. ಎದುರುಬದುರಾದವು ಬೆಂಗಳೂರು ಮತ್ತು ಗೋವೆ. ಹಿಂದಿನ ವರ್ಷ ಅದೇ ತಾರೀಖು, ತನ್ನ ಮನೆಯಂಗಳವಾದ ಕಂಠೀರವ ಕ್ರೀಡಾಂಗಣದಲ್ಲಿಯೇ, ಚೆನ್ನೈಯಿನ್ ತಂಡಕ್ಕೆ 2-3ರಲ್ಲಿ ಸೋತ ನೋವು ಬೆಂಗಳೂರಿಗಿತ್ತು. ಮುಂಬಯಿಯಲ್ಲಿ ತೊಂಬತ್ತು ನಿಮಿಷಗಳಾದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ವೇಳೆಯ ಮೊದಲರ್ಧ ಮುಗಿಯುವ ಹೊತ್ತಿಗೆ, 105ನೆಯ ನಿಮಿಷದಲ್ಲಿ, ಗೋವೆಯ ನಡುಗಂಬದಂತಿದ್ದ ಅಹ್ಮದ್ ಜಾಹೂಗೆ ರೆಫರಿ ಎರಡನೆಯ ಹಳದಿ ಚೀಟಿ ತೋರಿಸಿದರು. ಎರಡು ಹಳದಿ ಸೇರಿದರೆ ಒಂದು ಕೆಂಪು. ಆತ ಹೊರನಡೆದ. ಹತ್ತು ಮಂದಿಯ ಗೋವೆ ಪೆನಾಲ್ಟಿಗಳವರೆಗಾದರೂ ಪಂದ್ಯವನ್ನು ಒಯ್ಯಲು ಹೆಣಗಿತು. ಇನ್ನು ಕೆಲವೇ ನಿಮಿಷಗಳಿದ್ದಾಗ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್ ಚೆಂಡಿಗೆ ರಾಹುಲ್ ಭೇಕೆ ತಲೆಕೊಟ್ಟ, ಗೋಲು! ಬೆಂಗಳೂರು ಮೊದಲ ಬಾರಿಗೆ ಆ ಪ್ರಶಸ್ತಿಯನ್ನು ಗೆದ್ದಿತು.

ಆ ರಾತ್ರಿ ಗೆಳೆಯರಿಬ್ಬರೂ ಒಂದೇ ದೂರದರ್ಶನದ ಮುಂದೆ ಕುಳಿತಿದ್ದರು. ಆಟ ಮುಗಿದ ಮೇಲೆ ಒಬ್ಬ ಕುಣಿದ. ಇನ್ನೊಬ್ಬ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮಾತು ಬಿಟ್ಟರೆಂದಲ್ಲ, ಆದರೆ ಜೊತೆಯಲ್ಲಿ ಕುಳಿತು ಆಟ ನೋಡುವುದನ್ನು ಮಾತ್ರ ಅಂದಿಗೇ ಬಿಟ್ಟರು.

"ಅಂತಿಮ ಪಂದ್ಯ, ನೂರೈದು ನಿಮಿಷ ಓಡಿ ದಣಿದ ಕಾಲುಗಳು! ಕರೆದು ಒಂದು ಮಾತು ಗದರಿದ್ದರೆ ಸಾಲದಾಗಿತ್ತೆ?" ಎಂದು ಕಾರವಾರದವನು ಇಡ್ಲಿಯನ್ನು ಮುರಿದ.

"ಕಾನೂನು ಗಡಿಯಾರ ನೋಡುತ್ತದೆಯೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ತುಮಕೂರಿನವನು ಚಟ್ನಿ ಬಡಿಸಿಕೊಂಡ.

ಊರೊಳಗಿನ ಒಂದು ವೃತ್ತದಲ್ಲಿ ಕೆಂಪು ದೀಪ ಬಿದ್ದು ವಾಹನ ನಿಂತಿತು. ಚೀಟಿಯ ಹುಟ್ಟಿನ ಕಥೆಯೂ ಇಂಥ ದೀಪದ ಕೆಳಗಿನದೇ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡು-ಅರ್ಜೆಂಟೀನಾ ಪಂದ್ಯ ನಡೆದಾಗ ಜರ್ಮನ್ ರೆಫರಿ ಕ್ರೈಟ್ಲೈನ್ ಅರ್ಜೆಂಟೀನಾದ ನಾಯಕ ರಟೀನನನ್ನು ಹೊರಗೆ ಕಳುಹಿಸಿದರು. ಇವರ ಭಾಷೆ ಅವನಿಗೆ ತಿಳಿಯದು, ಅವನದು ಇವರಿಗೆ. ಬಹಳ ಹೊತ್ತು ಅವನು ಕದಲಲೇ ಇಲ್ಲ. ರೆಫರಿಗಳ ಮೇಲ್ವಿಚಾರಣೆ ವಹಿಸಿದ್ದ ಕೆನ್ ಆ್ಯಸ್ಟನ್ ಎಂಬವರು ಆ ಬಳಿಕ ಲಂಡನ್ನಿನಲ್ಲಿ ಕಾರು ನಡೆಸುತ್ತಿದ್ದಾಗ ಸಂಚಾರ ದೀಪ ಕಣ್ಣಿಗೆ ಬಿತ್ತು. ಹಳದಿಯೆಂದರೆ ಎಚ್ಚರಿಕೆ, ಕೆಂಪೆಂದರೆ ತಡೆ; ಇದಕ್ಕೆ ಯಾವ ಭಾಷೆಯೂ ಬೇಡ! 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಚೀಟಿಗಳು ಬಂದವು. ಆ ವರ್ಷ ಕೆಂಪು ಯಾರಿಗೂ ತಗಲಲಿಲ್ಲ; 1974ರಲ್ಲಿ ಚಿಲಿ ದೇಶದ ಕಾರ್ಲೋಸ್ ಕ್ಯಾಸೆಲಿ ಅದನ್ನು ಕಂಡ ಮೊದಲಿಗನಾದ. ಭಾಷೆಯ ತೊಡಕನ್ನು ಆ್ಯಸ್ಟನ್ ನೀಗಿದರು ನಿಜ. ಪಕ್ಷಪಾತದ ತೊಡಕಿಗೆ ಬಣ್ಣದ ಕಾಗದದಲ್ಲಿ ಮದ್ದಿಲ್ಲ.

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಗುಬ್ಬಿ. ದಾರಿಯ ಇಕ್ಕೆಲಗಳಲ್ಲಿಯೂ ತೆಂಗು, ಅಡಕೆ. ಚನ್ನಬಸವೇಶ್ವರನ ಸನ್ನಿಧಿಯಾದ ಈ ಪುಟ್ಟ ಊರು ನಾಡಿಗೆಲ್ಲ ಹೆಸರಾದದ್ದು ನಾಟಕದಿಂದ. ಸ್ವಾಮಿಯ ಹೆಸರನ್ನೇ ಹೊತ್ತ ನಾಟಕ ಮಂಡಳಿ ಇಲ್ಲಿ 1884ರಲ್ಲಿ ಹುಟ್ಟಿತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲನಟರಾಗಿ ಅದನ್ನು ಸೇರಿ, ಮುಂದೆ ಅದರ ಒಡೆಯರೇ ಆದರು. 'ಕುರುಕ್ಷೇತ್ರ'ಕ್ಕಾಗಿ ನಿಜವಾದ ಆನೆ, ಕುದುರೆಗಳನ್ನು ರಂಗದ ಮೇಲೆ ತಂದ ಸಾಹಸವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಕಂಪೆನಿಯ ಕಾಲ ಮುಗಿದರೂ ಸುತ್ತಣ ಹಳ್ಳಿಗಳಲ್ಲಿ ಹವ್ಯಾಸಿಗಳು ಕೈಯಿಂದ ಹಣ ಹಾಕಿ ಪೌರಾಣಿಕ ನಾಟಕವಾಡುವ ಹುಚ್ಚು ಬಿಟ್ಟಿಲ್ಲ.

ಗುಬ್ಬಿಯಲ್ಲಿ ಪತ್ರಿಕೆ ಕೊಡಬೇಕಾಗಿದ್ದುದು ಅಂಥ ನಾಟಕಗಳನ್ನು ಕಲಿಸುವ ಹಾರ್ಮೋನಿಯಂ ಮೇಷ್ಟರೊಬ್ಬರ ಮನೆಗೆ. ಕಾಫಿ ಬರುವಷ್ಟರಲ್ಲಿ ವಾದ ಮತ್ತೆ ಹೊತ್ತಿಕೊಂಡಿತು. ಮೇಷ್ಟರು ಕಾಲ್ಚೆಂಡಾಟ ಕಂಡವರಲ್ಲ, ಸಾವಧಾನವಾಗಿ ಕೇಳಿದರು. "ಈ ಎರಡು ತಂಡಗಳ ನಡುವೆ ಕೆಂಪು ಚೀಟಿ ಬಂದದ್ದು ಇದೊಂದೇ ಸಲವೊ?" ಎಂದರು.

ಇಬ್ಬರೂ ತಡವರಿಸಿದರು. ಇನ್ನೊಂದು ಸಲವೂ ಬಂದಿತ್ತು. 2017ರ ನವೆಂಬರ್ 30ರಂದು, ಗೋವೆಯ ಫಾತೋರ್ಡಾದಲ್ಲಿ, ಮೊದಲರ್ಧದಲ್ಲಿಯೇ ಬೆಂಗಳೂರಿನ ಗೋಲುರಕ್ಷಕ ಗುರ್‌ಪ್ರೀತ್ ಸಿಂಗ್ ಸಂಧು ಎದುರಾಳಿ ಲಾನ್ಸರೋಟೆಯೊಡನೆ ನಡೆದ ಒಂದು ಕ್ಷಣದ ಜಟಾಪಟಿಗೆ ಕೆಂಪು ಚೀಟಿ ಪಡೆದು ಹೊರಬಿದ್ದಿದ್ದ. ಗೋಲುರಕ್ಷಕ ಹೋದರೆ ನಷ್ಟ ಇಮ್ಮಡಿ. ಬದಲಿ ರಕ್ಷಕನನ್ನು ತರಲು ಆಡುತ್ತಿರುವ ಇನ್ನೊಬ್ಬನನ್ನು ಹೊರಗೆ ಕರೆಯಬೇಕು. ಹತ್ತು ಮಂದಿಯ ಬೆಂಗಳೂರು 1-3ರ ಹಿನ್ನಡೆಯಿಂದ 3-3ಕ್ಕೆ ಏರಿಯೂ ಕೊನೆಗೆ 3-4ರಲ್ಲಿ ಸೋತಿತು.

"ಆ ದಿನ ನೀವು ಯಾರು ಯಾರು ಏನೇನು ಅಂದಿರಿ?"

ಉತ್ತರವಿಲ್ಲ. ಮೇಷ್ಟರು ನಕ್ಕರು. "ನಮ್ಮಲ್ಲಿ ಒಂದು ಪದ್ಧತಿ ಉಂಟು. ಕರ್ಣನ ಪಾತ್ರದವನು ತಾಲೀಮಿಗೆ ಬಾರದ ದಿನ ಅರ್ಜುನನಿಂದಲೇ ಕರ್ಣನ ಮಾತನ್ನು ಆಡಿಸುತ್ತೇನೆ. ಆಮೇಲೆ ಅವನ ಅರ್ಜುನ ತುಸು ಹದವಾಗುತ್ತಾನೆ. ನೀವೂ ಹಾಗೆಯೇ ಮಾಡಿ. ಈತ ಗೋವೆಯವನಾಗಿ ಮಾತಾಡಲಿ; ಆತ ಬೆಂಗಳೂರಿನವನಾಗಲಿ."

ಮೊದಮೊದಲು ಅದು ನಗೆಯಾಟವಾಗಿ ನಡೆಯಿತು. "ಪಾಪ, ಒಂದು ಕ್ಷಣದ ಸಿಟ್ಟು! ಅದಕ್ಕೆ ಇಡೀ ತಂಡಕ್ಕೆ ದಂಡವೆ?" ಎಂದು ಕಾರವಾರದವನು ಗುರ್‌ಪ್ರೀತನ ಪರವಾಗಿ ಮೊರೆಯಿಟ್ಟ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಕಾನೂನು ಕಾನೂನೇ," ಎಂದು ತುಮಕೂರಿನವನು ಗೋವೆಯ ಪರ ಗುಡುಗಿದ. ಅಷ್ಟರಲ್ಲಿ ಇಬ್ಬರೂ ಸುಮ್ಮನಾದರು. 2017ರಲ್ಲಿ ತಾನು ಅಂದಿದ್ದ ಮಾತುಗಳೇ ಗೆಳೆಯನ ಬಾಯಿಂದ ಬಂದುದನ್ನು ಪ್ರತಿಯೊಬ್ಬನೂ ಕೇಳಿದ್ದ. ಇನ್ನೂ ಮುಜುಗರದ ಸಂಗತಿಯೆಂದರೆ, 2019ರಲ್ಲಿ ತಾನು ಹೀಗಳೆದದ್ದೂ ಅದೇ ಮಾತನ್ನೇ. ಹದಿನಾರು ತಿಂಗಳೊಳಗೆ ಕರುಣೆ ಕಾನೂನಿನ ಅಂಗಿ ತೊಟ್ಟಿತ್ತು, ಕಾನೂನು ಕರುಣೆಯ ಅಂಗಿ ತೊಟ್ಟಿತ್ತು. ಬದಲಾಗದಿದ್ದದ್ದು ತಂಡದ ಅಂಗಿಯೊಂದೇ.

ಮರಳಿ ತುಮಕೂರಿಗೆ ಬಂದು, ಹೆಬ್ಬೂರಿನ ಮೇಲೆ ದಕ್ಷಿಣಕ್ಕೆ ಹೊರಟರೆ ಕುಣಿಗಲ್ಲು. ಜನಪದರ ಹಾಡಿಗೆ ವಸ್ತುವಾದ ವಿಶಾಲವಾದ ಕೆರೆ ಈ ಊರಿನ ಒಂದು ಹೆಮ್ಮೆ; ಇನ್ನೊಂದು, ಹೈದರ್-ಟಿಪ್ಪು ಕಾಲದಿಂದ ಬಂದ ಕುದುರೆಗಳ ನಂಟು. ಸೈನ್ಯಕ್ಕೆ ಕುದುರೆ ಒದಗಿಸಿದ ಇಲ್ಲಿಯ ಅಶ್ವಶಾಲೆ, ಮುಂದೆ ರೇಸಿನ ಕುದುರೆಗಳ ತವರಾಗಿ ದೇಶಕ್ಕೆಲ್ಲ ಪರಿಚಿತವಾಯಿತು.

ಕುದುರೆಯ ಓಟದಲ್ಲಿ ಒಂದು ಸೌಲಭ್ಯವಿದೆ. ಸವಾರನೊಬ್ಬ ಆಕ್ಷೇಪವೆತ್ತಿದರೆ ಪಂಚರು ಕುಳಿತು, ಚಿತ್ರಗಳನ್ನು ನೋಡಿ, ಮೊದಲ ಸ್ಥಾನವನ್ನೂ ಬದಲಿಸಬಹುದು. ಕಾಲ್ಚೆಂಡಿನ ರೆಫರಿಗೆ ಆ ಬಿಡುವಿಲ್ಲ. ಈಚೆಗೆ ಹಲವು ದೇಶಗಳಲ್ಲಿ ವಿಡಿಯೋ ನೋಡಿ ತಿದ್ದುವ ವ್ಯವಸ್ಥೆ ಬಂದಿದೆಯಾದರೂ, ಫಾತೋರ್ಡಾದಲ್ಲಿಯಾಗಲಿ ಮುಂಬಯಿಯಲ್ಲಿಯಾಗಲಿ ಅದು ಇರಲಿಲ್ಲ. ಎರಡು ಕಣ್ಣು, ಒಂದು ಸೀಟಿ, ಒಂದು ಉಸಿರಿನ ಅವಧಿ, ಅಷ್ಟರಲ್ಲಿಯೇ ತೀರ್ಪು.

ಆ ತೀರ್ಪನ್ನು ಒಲ್ಲೆನೆಂದರೆ ಏನಾಗುವುದೆಂಬುದನ್ನೂ ಕಂಠೀರವ ಕಂಡಿದೆ. 2023ರ ಮಾರ್ಚ್ 3ರಂದು ಸುನಿಲ್ ಛೇತ್ರಿ ಎದುರಾಳಿಗಳು ಅಣಿಯಾಗುವ ಮುನ್ನವೇ ಫ್ರೀ ಕಿಕ್ ಒದ್ದು ಗೋಲು ಮಾಡಿದಾಗ ರೆಫರಿ ಅದನ್ನು ಒಪ್ಪಿದರು. ಕೇರಳ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ನಡೆದರು. ಆಟ ಅಲ್ಲಿಗೇ ಮುಗಿಯಿತು. ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಜಾಹೂ ಹೋದ ಮೇಲೂ ಗೋವೆ ಆಡಿತು. ಗುರ್‌ಪ್ರೀತ್ ಹೋದ ಮೇಲೂ ಬೆಂಗಳೂರು ಆಡಿತು. ಹತ್ತು ಜನ ಉಳಿದು ಆಡಿದ್ದರಿಂದಲೇ ಅವೆರಡೂ ರಾತ್ರಿಗಳ ಬಗ್ಗೆ ಇಂದಿಗೂ ವಾದಿಸಲು ಏನಾದರೂ ಉಳಿದಿದೆ.

ಕೆರೆಯ ಏರಿಯ ಮೇಲೆ ವಾಹನ ನಿಲ್ಲಿಸಿ ಇಬ್ಬರೂ ಕುಳಿತರು. ಬಿಸಿಲು ಇಳಿದಿತ್ತು. ಬಹಳ ಹೊತ್ತಾದ ಮೇಲೆ ತುಮಕೂರಿನವನು, "ಎರಡನೆಯ ಹಳದಿ ಸ್ವಲ್ಪ ಕಠಿಣವೇ ಆಯಿತೇನೊ," ಎಂದ.

"ಹತ್ತೇ ಜನರಿದ್ದರೂ ಕಾರ್ನರಿಗೆ ಹತ್ತೂ ಜನ ನಿಂತು ಕಾಯಬಹುದಾಗಿತ್ತು. ಭೇಕೆಯನ್ನು ಬಿಟ್ಟದ್ದು ನಮ್ಮವರೇ," ಎಂದ ಕಾರವಾರದವನು.

ಯಾರೂ ಪಕ್ಷ ಬಿಡಲಿಲ್ಲ. ಪ್ರಶಸ್ತಿ ಬೆಂಗಳೂರಿನಲ್ಲಿಯೇ ಉಳಿಯಿತು.

ಕುಣಿಗಲ್ಲಿನ ಮನೆಗಳನ್ನೆಲ್ಲ ಮುಗಿಸಿದಾಗ ಚೀಲದ ತಳದಲ್ಲಿ ಒಂದು ಪತ್ರಿಕೆ ಉಳಿದಿತ್ತು. "ಇದು ಯಾರದು?" ಎಂದು ತುಮಕೂರಿನವನು ತಿರುವಿ ನೋಡಿದ; ಹೆಸರು ಬರೆದಿರಲಿಲ್ಲ.

"ಊರೆಲ್ಲ ಸುತ್ತಿಸಿದೆ, ನನಗಿನ್ನೂ ಕೊಟ್ಟಿಲ್ಲವಲ್ಲ!" ಎಂದ ಗೆಳೆಯ.

ನಿತ್ಯ ಜೊತೆಯಲ್ಲಿರುವವನಿಗೆ ಕರೆಯೋಲೆ ಏಕೆಂದು ಮನೆಯವರು ಮರೆತಿದ್ದರು. ತುಮಕೂರಿನವನು ಜೇಬಿನಿಂದ ಪೆನ್ನು ತೆಗೆದು, ಪತ್ರಿಕೆಯನ್ನು ಮೋಟಾರು ಸೈಕಲ್ಲಿನ ಆಸನದ ಮೇಲಿಟ್ಟು, ಹೆಸರು ಬರೆದು, ಎರಡೂ ಕೈಗಳಿಂದ ಎತ್ತಿ ಕೊಟ್ಟ.

ಮೂಲೆಯಲ್ಲಿ ಹಳದಿ, ಪಕ್ಕದಲ್ಲಿಯೇ ಕೆಂಪು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟ. "ಬರುವ ಪಂದ್ಯ ಯಾವತ್ತು?" ಎಂದು ಕೇಳಿ ಹಿಂದಿನ ಆಸನವೇರಿದ.