ಮೂವರು ಮಂಜುನಾಥರು ಮತ್ತು ಜಾವಾ ಪ್ಯಾಕೇಜು

ನಮ್ಮ ಹಾಜರಿ ಪುಸ್ತಕಗಳಲ್ಲಿ ಮಂಜುನಾಥರಿಗೆ ಎಂದೂ ಬರವಿರಲಿಲ್ಲ. ಒಂದೇ ತರಗತಿಯಲ್ಲಿ ಮೂವರು ಇದ್ದ ವರ್ಷವೂ ಉಂಟು. ಈ ಪುಟವನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಆ ಮೂವರು ಯಾರೆಂಬುದು ಅವರವರಿಗೆ ಗೊತ್ತಿದೆ. ಮನೆಯಲ್ಲಿ ‘ಮಂಜ’ ಎಂದು ಕೂಗಿದರೆ ಒಬ್ಬನೇ ಓಗೊಡುತ್ತಾನೆ. ತರಗತಿಯಲ್ಲಿ ಕೂಗಿದರೆ ಮೂವರೂ ಎದ್ದು ನಿಲ್ಲುತ್ತಾರೆ. ಹೆಸರಿನ ಹಿಂದೆ ಊರನ್ನೂ ತಂದೆಯ ಹೆಸರನ್ನೂ ಸೇರಿಸುವ ಪದ್ಧತಿಯ ಉಪಯೋಗ ಆಗ ತಿಳಿಯುತ್ತದೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ತಂದೆ, ಕಡೆಗೆ ವ್ಯಕ್ತಿ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮ. (ಧಾರವಾಡದ ಕಡೆ ಇದು ತಿರುಗುಮುರುಗು, ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಆ ಕಡೆಯ ನಂಟರು ಮನ್ನಿಸಬೇಕು, ಇಂದಿನ ವಿಷಯಕ್ಕೆ ನಮ್ಮ ಕಡೆಯ ಕ್ರಮವೇ ಒಗ್ಗುತ್ತದೆ.)

ಇಂದಿನ ವಿಷಯ ಜಾವಾ ಎಂಬ ಕಂಪ್ಯೂಟರ್ ಭಾಷೆಯ ‘ಪ್ಯಾಕೇಜು’. ಗಣಿತದ ಮೇಷ್ಟರಿಗೆ ಇದೇಕೆ ಎಂದು ನಗುವವರು ನಗಲಿ. ನನ್ನ ಅಣ್ಣನ ಮೊಮ್ಮಗಳು ಬಿ.ಸಿ.ಎ. ಓದುತ್ತಿದ್ದಾಳೆ. ಹೆಸರು ಬರೆದರೆ ಮುನಿಸಿಕೊಳ್ಳುತ್ತಾಳೆ, ಆದ್ದರಿಂದ ಬರೆಯುವುದಿಲ್ಲ. ಅವಳೂ ಅವಳ ಗೆಳತಿಯೂ ಸೇರಿ ಶಾಲೆಯೊಂದರ ದಾಖಲಾತಿ ಮತ್ತು ಹಾಜರಾತಿಯನ್ನು ನೋಡಿಕೊಳ್ಳುವ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದರು. ಇವಳದು ದಾಖಲಾತಿ, ಗೆಳತಿಯದು ಹಾಜರಾತಿ. ಒಂದು ಸಂಜೆ ಇಬ್ಬರ ಕಡತಗಳನ್ನೂ ಒಂದೇ ಫೋಲ್ಡರಿಗೆ ಸುರಿದರು. ಇಬ್ಬರೂ ತಮ್ಮ ಮುಖ್ಯ ಕ್ಲಾಸಿಗೆ ‘ರಿಜಿಸ್ಟರ್’ ಎಂದೇ ಹೆಸರಿಟ್ಟಿದ್ದರು. ಗೆಳತಿಯ ಕಡತ ಇವಳದರ ಮೇಲೆ ಕುಳಿತಿತು. ನಾಲ್ಕು ದಿನಗಳ ಕೆಲಸ ಹೇಳಹೆಸರಿಲ್ಲದಂತಾಯಿತು. ‘ತಾತ, ನನ್ನ ತಲೆಗೆ ಇದು ಹತ್ತುವುದಲ್ಲ, ಬಿ.ಕಾಂ.ಗೆ ಸೇರಬೇಕಿತ್ತು’ ಎಂದು ಬಂದು ಕುಳಿತಳು. ಗಣಿತ ತಲೆಗೆ ಹತ್ತದೆಂದು ಓದನ್ನೇ ಬಿಟ್ಟ ಹೆಣ್ಣುಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹಲವರಿಗೆ ಹತ್ತದಿದ್ದುದು ಗಣಿತವಲ್ಲ, ಅದನ್ನು ಹೇಳಿಕೊಟ್ಟ ಕ್ರಮ. ಹಾಗಾಗಿ ಅವಳ ಪಠ್ಯಪುಸ್ತಕವನ್ನು ತರಿಸಿಕೊಂಡು ಓದಿದೆ.

ತಿಳಿಯದವರಿಗಾಗಿ ಒಂದು ಮಾತು. ಈ ಭಾಷೆಯಲ್ಲಿ ‘ಕ್ಲಾಸ್’ ಎಂದರೆ ನಲವತ್ತು ಮಕ್ಕಳ ತರಗತಿಯಲ್ಲ. ಒಂದು ಬಗೆಯ ವಸ್ತುವಿಗೆ ಏನೇನು ಗುಣಗಳಿರಬೇಕು, ಅದು ಏನೇನು ಕೆಲಸ ಮಾಡಬಲ್ಲುದು ಎಂಬುದನ್ನು ಬರೆದಿಟ್ಟ ನಮೂನೆ. ಒಮ್ಮೆ ಬರೆದರೆ ಬೇಕಾದ ಕಡೆಯೆಲ್ಲ ಮತ್ತೆ ಮತ್ತೆ ಬಳಸಬಹುದು. ಒಂದಕ್ಕೊಂದು ಸಂಬಂಧಪಟ್ಟ ಕ್ಲಾಸುಗಳನ್ನು ಒಂದು ಮನೆಯಲ್ಲಿರಿಸಿ, ಆ ಮನೆಗೊಂದು ಹೆಸರಿಟ್ಟರೆ ಅದೇ ಪ್ಯಾಕೇಜು. ಕಡತದ ಮೊದಲ ಹೇಳಿಕೆಯಾಗಿ ಮನೆಯ ಹೆಸರನ್ನು ಬರೆಯಬೇಕು. ಅದೇ ಹೆಸರಿನ ಫೋಲ್ಡರಿನಲ್ಲಿ ಕಡತವನ್ನಿಡಬೇಕು. ದಾಖಲಾತಿ ಮನೆಯ ರಿಜಿಸ್ಟರ್ ಬೇರೆ, ಹಾಜರಾತಿ ಮನೆಯ ರಿಜಿಸ್ಟರ್ ಬೇರೆ. ಒಂದರ ಮೇಲೊಂದು ಕುಳಿತುಕೊಳ್ಳುವ ಮಾತೇ ಇಲ್ಲ.

ಮನೆಯ ಹೆಸರೂ ಜಗತ್ತಿನಲ್ಲಿ ಒಂದೇ ಆಗಿರಬೇಕಲ್ಲ? ಅದಕ್ಕೆ ಜಾವಾದವರು ಒಂದು ಸಂಪ್ರದಾಯ ಮಾಡಿಕೊಂಡರು. ಸಂಸ್ಥೆಯ ಅಂತರ್ಜಾಲ ವಿಳಾಸ ‘ನಮ್ಮಶಾಲೆ.ಇನ್’ ಎಂದಿಟ್ಟುಕೊಳ್ಳೋಣ, ಅದನ್ನು ತಿರುಗಿಸಿ ‘ಇನ್.ನಮ್ಮಶಾಲೆ.ದಾಖಲಾತಿ’ ಎಂದು ಬರೆಯುತ್ತಾರೆ. ದೇಶ, ಸಂಸ್ಥೆ, ವಿಭಾಗ, ಕಡೆಗೆ ಕ್ಲಾಸು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ಕ್ರಮವೇ!

ಆಕೆಯ ಪುಸ್ತಕದಲ್ಲಿ ಈ ಅಧ್ಯಾಯ ಎಲ್ಲವೂ ಮುಗಿದ ಮೇಲೆ ಬರುತ್ತದೆ. ಉದಾಹರಣೆಗಳಲ್ಲಿ ಪ್ಯಾಕೇಜುಗಳ ಹೆಸರು ‘ಪಿ1’, ‘ಪಿ2’. ಕ್ಲಾಸುಗಳ ಹೆಸರು ‘ಎ’, ‘ಬಿ’. ಹೆಸರುಗಳ ತೊಡಕನ್ನು ಬಿಡಿಸಲೆಂದೇ ಹುಟ್ಟಿದ ಸಂಗತಿಯನ್ನು ಹೆಸರೇ ಇಲ್ಲದ ಉದಾಹರಣೆಗಳಿಂದ ಕಲಿಸುವುದು ಯಾವ ಬೋಧನಾಕ್ರಮವೋ ನಾನರಿಯೆ. ಇಬ್ಬರು ಮಕ್ಕಳು ಸೇರಿ ಬರೆಯತೊಡಗಿದ ದಿನವೇ ಇದನ್ನು ಹೇಳಿಕೊಡಬೇಕು. ಪ್ಯಾಕೇಜಿನ ಹೆಸರು ಬರೆಯದಿದ್ದರೂ ಪ್ರೋಗ್ರಾಮು ಓಡುತ್ತದೆ, ನಿಜ. ಆದರೆ ಆ ಕ್ಲಾಸು ಹೆಸರಿಲ್ಲದ ಮನೆಯಲ್ಲಿರುತ್ತದೆ. ಹೆಸರುಳ್ಳ ಮನೆಯವರು ಅದನ್ನು ಎಂದಿಗೂ ‘ಇಂಪೋರ್ಟ್’ ಮಾಡಿಕೊಳ್ಳಲಾರರು. ಮತ್ತೆ ಬಳಸಬೇಕೆಂದು ಬರೆದದ್ದು ಬರೆದಲ್ಲಿಯೇ ಉಳಿಯುತ್ತದೆ.

ಇಂಪೋರ್ಟ್ ಎಂಬುದರ ಬಗ್ಗೆಯೂ ಮಕ್ಕಳಲ್ಲಿ ಒಂದು ತಪ್ಪು ಕಲ್ಪನೆಯಿದೆ. ಅದು ಏನನ್ನೂ ಹೊತ್ತು ತರುವುದಿಲ್ಲ. ‘ಇನ್ನು ಮುಂದೆ ಮಂಜುನಾಥ ಎಂದರೆ ಇಂಥ ಊರಿನ ಮಂಜುನಾಥ’ ಎಂದು ಕಡತದ ತಲೆಯಲ್ಲಿ ಒಮ್ಮೆ ಹೇಳಿಟ್ಟುಕೊಳ್ಳುವುದು, ಅಷ್ಟೆ. ಇನ್ನೊಂದು ಸೋಜಿಗ: ‘ಜಾವಾ.ಯುಟಿಲ್’ ಎಂಬ ಮನೆಯೂ ‘ಜಾವಾ.ಯುಟಿಲ್.ರೆಜೆಕ್ಸ್’ ಎಂಬ ಮನೆಯೂ ನೋಡಲು ತಂದೆ ಮಗನಂತಿವೆ. ಆದರೆ ಮಗ ಪಾಲು ತೆಗೆದುಕೊಂಡು ಬೇರೆ ಹೋದವನು. ತಂದೆಯ ಮನೆಯಲ್ಲಿದ್ದುದನ್ನೆಲ್ಲ ಇಂಪೋರ್ಟ್ ಮಾಡಿದರೂ ಮಗನ ಮನೆಯ ಒಂದು ಚಮಚವೂ ಬಾರದು.

ಹೆಸರಿನ ಮಾತಾಯಿತು. ಇದಕ್ಕಿಂತ ದೊಡ್ಡದು ಬಾಗಿಲಿನ ಮಾತು. ನಮ್ಮ ಹಳೆಯ ಮನೆಗಳಲ್ಲಿ ಜಗುಲಿಗೆ ಯಾರು ಬೇಕಾದರೂ ಬರಬಹುದಿತ್ತು; ನಡುಮನೆಗೆ ಮನೆಯವರು ಮಾತ್ರ; ಅಜ್ಜಿಯ ಪೆಟ್ಟಿಗೆಗೆ ಅಜ್ಜಿಯೊಬ್ಬಳೇ. ಜಾವಾದಲ್ಲಿ ‘ಪಬ್ಲಿಕ್’ ಎಂದರೆ ಜಗುಲಿ, ‘ಪ್ರೈವೇಟ್’ ಎಂದರೆ ಪೆಟ್ಟಿಗೆ. ಏನೂ ಬರೆಯದೆ ಬಿಟ್ಟರೆ ನಡುಮನೆ, ಅಂದರೆ ಆ ಪ್ಯಾಕೇಜಿನವರಿಗೆ ಮಾತ್ರ. ‘ಪ್ರೊಟೆಕ್ಟೆಡ್’ ಎಂಬುದೊಂದಿದೆ: ನಡುಮನೆಯವರ ಜೊತೆಗೆ, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳಿಗೂ ಹಕ್ಕುಂಟು. ಮಕ್ಕಳು ಇದನ್ನು ನಾಲ್ಕು ಸಾಲಿನ ಕೋಷ್ಟಕವಾಗಿ ಬಾಯಿಪಾಠ ಮಾಡುತ್ತಾರೆ, ಆಮೇಲೆ ಎಲ್ಲಕ್ಕೂ ಪಬ್ಲಿಕ್ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಹಾಗೆ ಎಲ್ಲವನ್ನೂ ಜಗುಲಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಜಾವಾವನ್ನು ಕಟ್ಟಿದವರ ಅನುಭವವೇ ಇದೆ. 1996ರಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿಯೇ ‘ಜಾವಾ.ಯುಟಿಲ್’ ಮನೆಯಲ್ಲಿ ‘ಡೇಟ್’ ಎಂಬ ಕ್ಲಾಸಿತ್ತು. ಅದರಲ್ಲಿ ವರ್ಷವನ್ನು 1900ರಿಂದ ಎಣಿಸಬೇಕು, ತಿಂಗಳನ್ನು ಸೊನ್ನೆಯಿಂದ. ಜನವರಿ ಸೊನ್ನೆ, ಡಿಸೆಂಬರ್ 11. 1997ರಲ್ಲಿ ‘ಕ್ಯಾಲೆಂಡರ್’ ಎಂಬ ಇನ್ನೊಂದು ಕ್ಲಾಸನ್ನು ತಂದರು. ವರ್ಷ ಸರಿಹೋಯಿತು, ತಿಂಗಳು ಸೊನ್ನೆಯಿಂದಲೇ ಉಳಿಯಿತು. ಹಳೆಯ ಡೇಟಿನ ಹಲವು ಭಾಗಗಳನ್ನು ‘ಇನ್ನು ಬಳಸಬೇಡಿ’ ಎಂದು ಗುರುತು ಮಾಡಿದರು. ಆದರೆ ತೆಗೆದುಹಾಕಲಾಗಲಿಲ್ಲ, ಇಂದಿಗೂ ಅವು ಅಲ್ಲಿಯೇ ಇವೆ. ಒಮ್ಮೆ ಜಗುಲಿಗೆ ಬಂದದ್ದನ್ನು ನಂಬಿ ಎಷ್ಟು ಜನ ಬರೆದಿದ್ದಾರೋ, ತೆಗೆದರೆ ಅವರೆಲ್ಲರ ಪ್ರೋಗ್ರಾಮುಗಳೂ ಮುರಿಯುತ್ತವೆ.

ಕೊನೆಗೆ 2014ರಲ್ಲಿ, ಜಾವಾದ 8ನೆಯ ಆವೃತ್ತಿಯೊಡನೆ, ‘ಜಾವಾ.ಟೈಮ್’ ಎಂಬ ಹೊಸ ಮನೆಯನ್ನೇ ಕಟ್ಟಿದರು. ಅಲ್ಲಿ ಜನವರಿ ಎಂದರೆ 1. ಮನೆ ಬೇರೆಯಾದ್ದರಿಂದ ಹಳಬರಿಗೆ ತೊಂದರೆಯಿಲ್ಲ, ಹೊಸಬರಿಗೆ ದಾರಿಯಿದೆ.

ನಮ್ಮ ಹುಡುಗಿಯ ದಾಖಲಾತಿ ಪುಸ್ತಕವನ್ನು ನೋಡುವಾಗ ಇದು ಬರಿಯ ಇತಿಹಾಸವಲ್ಲವೆಂದು ತಿಳಿಯಿತು. ಅವಳು ಅಂತರ್ಜಾಲದಲ್ಲಿ ಸಿಕ್ಕಿದ ಹಳೆಯ ಮಾದರಿಯನ್ನು ನೋಡಿ ಕ್ಯಾಲೆಂಡರ್ ಬಗೆಯನ್ನೇ ಬಳಸಿದ್ದಳು. 2009ರ ಜೂನ್ 15ರಂದು ಹುಟ್ಟಿದ ಮಗುವಿಗೆ 6 ಎಂದು ಕೊಟ್ಟರೆ ಅದು ಜುಲೈ 15 ಎಂದು ತಿಳಿಯುತ್ತದೆ. ಮೇ 31 ಆದರೆ ಇನ್ನೂ ಚೆನ್ನ: ಇಲ್ಲದ ಜೂನ್ 31ಕ್ಕೆ ಹೋಗಿ, ಅಲ್ಲಿಂದ ಸದ್ದಿಲ್ಲದೆ ಜುಲೈ 1ಕ್ಕೆ ಜಾರುತ್ತದೆ. ಡಿಸೆಂಬರಿನ ಮಗು ಮರುವರ್ಷದ ಜನವರಿಯಲ್ಲಿ ಹುಟ್ಟುತ್ತದೆ. ಯಾವ ದೋಷಸೂಚನೆಯೂ ಬಾರದು. ನಮ್ಮ ಕಾಲದಲ್ಲಿ ಮೇಷ್ಟರೇ ಜನ್ಮದಿನಾಂಕವನ್ನು ಊಹಿಸಿ ಬರೆದುಕೊಳ್ಳುತ್ತಿದ್ದುದುಂಟು, ಅದು ಬೇರೆ ಮಾತು. ಶಾಲೆಯ ದಾಖಲೆಯಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಇಳಿದ ದಿನಾಂಕ ನೌಕರಿಯವರೆಗೂ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಅದನ್ನು ತಿದ್ದಿಸಲು ಅಲೆದವರನ್ನು ಕೇಳಿ.

ಇದನ್ನು ಅವಳಿಗೆ ತೋರಿಸಿದ ಮೇಲೆ ಬಿ.ಕಾಂ.ನ ಮಾತು ನಿಂತಿತು. ಎರಡು ಭಾನುವಾರ ಕುಳಿತು ಇಬ್ಬರೂ ಎಲ್ಲವನ್ನೂ ಮತ್ತೆ ಜೋಡಿಸಿದರು. ಮೊದಲು ಮಾಡಿದ್ದು ರೂಪಕ್ಕೆ ತಕ್ಕಂತೆ ವಿಂಗಡಣೆ: ಪರದೆಗೆ ಸಂಬಂಧಿಸಿದ ಕ್ಲಾಸುಗಳೆಲ್ಲ ಒಂದೆಡೆ, ಲೆಕ್ಕದವೆಲ್ಲ ಒಂದೆಡೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಊರಿನ ಚಮಚಗಳನ್ನೆಲ್ಲ ಒಂದು ಮನೆಯಲ್ಲಿಯೂ ತಟ್ಟೆಗಳನ್ನೆಲ್ಲ ಇನ್ನೊಂದು ಮನೆಯಲ್ಲಿಯೂ ಇಟ್ಟಂತೆ. ಊಟಕ್ಕೆ ಕುಳಿತವರು ಬೀದಿ ಸುತ್ತಬೇಕು, ಎಲ್ಲ ಬಾಗಿಲುಗಳೂ ತೆರೆದಿರಬೇಕು. ದಾಖಲಾತಿಗೆ ಬೇಕಾದುದೆಲ್ಲ ದಾಖಲಾತಿಯ ಮನೆಯಲ್ಲಿರಲಿ ಎಂದೆ. ಗೆಳತಿ ಸ್ವಲ್ಪ ವಾದಿಸಿ ಒಪ್ಪಿದಳು.

ಆಮೇಲೆ ಅನಾವಶ್ಯಕವಾದ ಪಬ್ಲಿಕ್ ಎಂಬ ಪದವನ್ನು ಒಂದೊಂದಾಗಿ ಅಳಿಸಿದರು. ಅಳಿಸಿದ ಕೂಡಲೇ ಹಾಜರಾತಿಯ ಕಡೆ ಏಳು ಕಡೆ ದೋಷ ಕಾಣಿಸಿತು. ಇವಳ ಪೆಟ್ಟಿಗೆಗೆ ಗೆಳತಿ ಏಳು ಕಡೆಯಿಂದ ಕೈಹಾಕಿದ್ದಳು! ಆಕೆಗೆ ನಿಜಕ್ಕೂ ಬೇಕಾಗಿದ್ದುದು ದಾಖಲಾತಿ ಸಂಖ್ಯೆ ಕೊಟ್ಟರೆ ಮಗುವಿನ ಹೆಸರು ಹೇಳುವ ಒಂದೇ ಒಂದು ಕೆಲಸ. ಅದನ್ನು ಮಾತ್ರ ಜಗುಲಿಗೆ ತಂದರು. ದಿನಾಂಕವನ್ನು ಜಾವಾ.ಟೈಮ್‌ಗೆ ಬದಲಾಯಿಸಿದಾಗ ಹಾಜರಾತಿಯಲ್ಲಿ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ.

ಹೊಸದಾಗಿ ಪ್ರಯತ್ನಿಸುವವರಿಗೆ ಒಂದು ಸೂಚನೆ. ಪ್ರೋಗ್ರಾಮನ್ನು ಓಡಿಸುವಾಗ ಪ್ಯಾಕೇಜಿನ ಫೋಲ್ಡರಿನೊಳಗೆ ನಿಂತು ಬರಿಯ ಹೆಸರಿನಿಂದ ಕರೆದರೆ ಅದು ಓಗೊಡುವುದಿಲ್ಲ, ‘ಹೆಸರು ತಪ್ಪು’ ಎಂಬರ್ಥದ ದೂರು ಬರುತ್ತದೆ. ಹೊರಗೆ ಅಂಗಳಕ್ಕೆ ಬಂದು ಪೂರ್ಣ ಹೆಸರಿನಿಂದ ಕರೆಯಬೇಕು. ನಮ್ಮ ಹುಡುಗಿಯ ಒಂದು ರಾತ್ರಿ ಇದರಲ್ಲಿಯೇ ಕಳೆಯಿತು.

ಈಗ ಶುಲ್ಕದ ಲೆಕ್ಕವೊಂದು ಉಳಿದಿದೆ. ಅದು ದಾಖಲಾತಿಯ ಮನೆಗೆ ಸೇರಬೇಕೋ ತನ್ನದೇ ಮನೆ ಮಾಡಬೇಕೋ ಎಂದು ಇಬ್ಬರೂ ಇನ್ನೂ ಜಗಳವಾಡುತ್ತಿದ್ದಾರೆ. ನಾನು ಬೇರೆ ಮನೆಯ ಪಕ್ಷ.