ಮುಂದೇನಾಯಿತು?



ಪರರ ತಪ್ಪನ್ನು ಎತ್ತಿ ಆಡುವುದು ಸುಲಭ, ತನ್ನ ತಪ್ಪನ್ನು ತಾನೇ ಬರೆದುಕೊಳ್ಳುವುದು ಕಷ್ಟ. ಆದರೂ ಅರವತ್ತನ್ನು ದಾಟಿದ ಈ ವಯಸ್ಸಿನಲ್ಲಿ ನಮ್ಮಿಂದ ಆದ ಒಂದು ತಪ್ಪನ್ನು ನಿಮ್ಮೆದುರು ಇಡಬೇಕೆನಿಸಿದೆ. ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವವರೆಲ್ಲರಿಗೂ ಇದು ಸಂಬಂಧಿಸಿದ ಮಾತು.

2024-25ನೆಯ ಶೈಕ್ಷಣಿಕ ವರ್ಷದಲ್ಲಿ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ‘ಕಲಿಕಾ ಹಬ್ಬ’ ನಡೆಯಿತು. ಒಂದು ಕ್ಲಸ್ಟರಿನ ಶಾಲೆಗಳ ಚಿಕ್ಕಮಕ್ಕಳು ಒಂದೆಡೆ ನೆರೆದು ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಗಣಿತದ ಆಟ ಮುಂತಾದವುಗಳಲ್ಲಿ ಪಾಲ್ಗೊಳ್ಳುವುದು ಆ ಹಬ್ಬದ ಕ್ರಮ. ಚಿಂಚೋಳಿ ತಾಲೂಕಿನ ಒಂದು ಗ್ರಾಮದಲ್ಲಿ ನಡೆದ ಹಬ್ಬಕ್ಕೆ, ಕಥೆ ಹೇಳುವ ಮಕ್ಕಳಿಗೆ ಅಂಕ ಹಾಕುವ ಹಿರಿಯರೆಂದು ನಮ್ಮನ್ನು ಕರೆದಿದ್ದರು. ಶಾಲೆಯ ಬಾಗಿಲಿಗೆ ಮಾವಿನ ತಳಿರು ಕಟ್ಟಿದ್ದರು. ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಆಮೆ ಮೊಲ, ಬಾಯಾರಿದ ಕಾಗೆ, ಪುಣ್ಯಕೋಟಿಯ ಕಥೆಗಳನ್ನು ಒಪ್ಪಿಸಿದರು. ಪ್ರತಿಯೊಂದರ ಕೊನೆಗೂ ನೀತಿಯೊಂದು ಇರುತ್ತಿತ್ತು. ನಮಗೂ ಸಮಾಧಾನವಾಗಿ ಧಾರಾಳವಾಗಿಯೇ ಅಂಕ ಹಾಕಿದೆವು.

ಆಗ ಒಂದು ತಾಂಡಾದ ಹುಡುಗಿ ಬಂದು ನಿಂತಳು. ನಾಲ್ಕನೆಯ ತರಗತಿಯವಳು. ಅವಳ ಕಥೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಒಂದು ಆಡಿನ ಮರಿ. ಅದನ್ನು ಸಾಕಿದ ಒಡತಿ ದುಡಿಯಲು ಪುಣೆಗೆ ಹೋಗಿದ್ದಾಳೆ. ಮರಿಯು ದಿನವೂ ಸಂಜೆ ರಸ್ತೆಯ ಬೇವಿನ ಮರದ ಕೆಳಗೆ ಕುಳಿತು ಬಸ್ಸುಗಳನ್ನು ಎಣಿಸುತ್ತದೆ. ಅದಕ್ಕೆ ನಾಲ್ಕರವರೆಗೆ ಮಾತ್ರ ಎಣಿಕೆ ಬರುತ್ತದೆ. ನಾಲ್ಕು ಬಸ್ಸು ಹೋದ ಮೇಲೆ ಇನ್ನು ಬಸ್ಸಿಲ್ಲವೆಂದು ಮನೆಗೆ ಹಿಂತಿರುಗುತ್ತದೆ. ಹುಡುಗಿ ಇಷ್ಟು ಹೇಳುವಷ್ಟರಲ್ಲಿ ತಾಂಡಾದ ಮಾತುಗಳು ಎರಡು ಮೂರು ಸಲ ನುಸುಳಿದವು, ಕ್ರಿಯಾಪದಗಳು ತಪ್ಪಿದವು. ನಾವು ಕೈಯೆತ್ತಿ ತಡೆದೆವು. “ಶುದ್ಧವಾಗಿ ಹೇಳವ್ವಾ. ಇರಲಿ, ಈ ಕಥೆಯ ನೀತಿ ಏನು?” ಎಂದು ಕೇಳಿದೆವು. ಹುಡುಗಿ ನಮ್ಮ ಮುಖ ನೋಡಿದಳು, ನೆಲ ನೋಡಿದಳು. “ಮರ್ತು ಹೋಯ್ತ್ರಿ ಮುತ್ಯಾ” ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತುಬಿಟ್ಟಳು. ನಾವು ಕಡಿಮೆ ಅಂಕ ಬರೆದು ಮುಂದಿನ ಮಗುವನ್ನು ಕರೆದೆವು.

ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಐದನೆಯ ಬಸ್ಸು ಬಂದಿತೇ? ಅದರಲ್ಲಿ ಒಡತಿ ಇದ್ದಳೇ? ಹತ್ತಾರು ಕಥೆ ಕೇಳಿ ಬಂದ ನಮಗೆ ನೆನಪಿನಲ್ಲಿ ಉಳಿದದ್ದು ಆ ಒಂದೇ ಕಥೆ. ಅದನ್ನೂ ನಾವೇ ಅರ್ಧಕ್ಕೆ ತುಂಡರಿಸಿ ಬಂದಿದ್ದೆವು.

ನಾವು ಬೆಳೆದದ್ದು ಸೇಡಂ ಸೀಮೆಯ ಒಂದು ಮಠದಲ್ಲಿ. ಶ್ರಾವಣ ಬಂತೆಂದರೆ ಅಲ್ಲಿ ಪುರಾಣ ಹಚ್ಚುತ್ತಿದ್ದರು. ಒಂದು ವರುಷ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಇನ್ನೊಂದು ವರುಷ ಚಾಮರಸನ ಪ್ರಭುಲಿಂಗಲೀಲೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುವರು, ಮತ್ತೊಬ್ಬರು ಅರ್ಥ ಹೇಳುವರು. ರೊಟ್ಟಿ ಬಡಿದು, ಮನೆಗೆಲಸ ಮುಗಿಸಿ ಬಂದ ತಾಯಂದಿರು ಕಂದೀಲಿನ ಬೆಳಕಿನಲ್ಲಿ ಕುಳಿತು ಕೇಳುವರು. ನಮ್ಮ ತಾಯಿಯವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಅರ್ಥ ಹೇಳುವವರು ಒಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋದರೆ ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು. ನಾವು ಓದು ಕಲಿತದ್ದು ಆ ಕಿವಿಯ ದೆಸೆಯಿಂದ. ನಿನ್ನೆ ಕೇಳಿದ ಕಥೆ ಮುಂದೆ ಏನಾಗುವುದೋ ಎಂಬ ಆತುರಕ್ಕೆ, ಹಗಲಿನಲ್ಲಿ ಗ್ರಂಥದ ಬಟ್ಟೆ ಬಿಚ್ಚಿ ಒಂದೊಂದೇ ಅಕ್ಷರವನ್ನು ಕೂಡಿಸಿ ನೋಡುತ್ತಿದ್ದೆವು.

ನಮ್ಮ ಗುರುಗಳು ಮರುದಿನ ಬೆಳಗಿನ ಪ್ರಸಾದವಾದ ಮೇಲೆ ಒಬ್ಬೊಬ್ಬ ಹುಡುಗನನ್ನು ಕರೆದು, ಹಿಂದಿನ ರಾತ್ರಿಯ ಕಥೆಯನ್ನು ನಮ್ಮ ನಮ್ಮ ಮಾತಿನಲ್ಲಿ ಹೇಳಿಸುತ್ತಿದ್ದರು. ನಾವು ತೊದಲಿದರೂ, ಬಿದನೂರನ್ನು ಬೀದರವೆಂದರೂ, ನಡುವೆ ನಮ್ಮದೇ ಒಂದು ಹುಲಿಯನ್ನು ತಂದು ಸೇರಿಸಿದರೂ ಅವರು ತಡೆಯುತ್ತಿರಲಿಲ್ಲ. ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಮುಂದೇನಾಯಿತು?” ತಿದ್ದುವುದೇನಿದ್ದರೂ ಕಥೆ ಮುಗಿದ ಮೇಲೆ. ಅಂತಹ ಗುರುಗಳ ಎದುರು ಬಾಯಿಬಿಟ್ಟು ಕಲಿತ ನಾವು, ತೀರ್ಪಿನ ಕುರ್ಚಿಯಲ್ಲಿ ಕುಳಿತ ಕೂಡಲೇ ಅವರ ಆ ಒಂದು ಪ್ರಶ್ನೆಯನ್ನು ಮರೆತಿದ್ದೆವು.

ನಮ್ಮ ಜನಪದದಲ್ಲಿ ಒಂದು ಕಥೆಯಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಬರುತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಕಥೆಯೂ ಹಾಡೂ ಆಕೆ ಮಲಗಿದ್ದಾಗ ಹೊರಬಿದ್ದು, ಒಂದು ಜೋಡು ಪಾದರಕ್ಷೆಯಾಗಿ, ಒಂದು ಅಂಗಿಯಾಗಿ ಬಾಗಿಲ ಬಳಿ ಕುಳಿತವು. ಗಂಡ ಅವನ್ನು ಕಂಡು ಸಂಶಯಪಟ್ಟ, ಸಂಸಾರದಲ್ಲಿ ಕಲಹವಾಯಿತು. ಗಿರೀಶ ಕಾರ್ನಾಡರು 1988ರ ತಮ್ಮ ‘ನಾಗಮಂಡಲ’ ನಾಟಕದಲ್ಲಿ ಈ ಕಥೆಯನ್ನು ಬಳಸಿಕೊಂಡಿದ್ದಾರೆ. ಹೇಳದ ಕಥೆ ಸುಮ್ಮನೆ ಇರುವುದಿಲ್ಲವೆಂದು ನಮ್ಮ ಹಿರಿಯರು ಬಲ್ಲರು. ಹೇಳಬಂದ ಮಗುವನ್ನು ತಡೆದರೆ ಆಗುವ ಕೇಡೂ ಅದೇ ಅಲ್ಲವೇ?

ನಮ್ಮ ಈ ಸೀಮೆಯನ್ನು ಹಿಂದುಳಿದ ಸೀಮೆಯೆಂದು ಕರೆಯುವುದು ರೂಢಿಯಾಗಿದೆ. ಓದುಬರಹದ ಲೆಕ್ಕದಲ್ಲಿ ನಾವು ಹಿಂದೆ ಬಿದ್ದಿರುವುದೂ ನಿಜ. ಆದರೆ ಈ ಮಣ್ಣಿನ ಹಿಂದಿನ ಲೆಕ್ಕವನ್ನೂ ಮಕ್ಕಳಿಗೆ ಹೇಳಬೇಕು. ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಇಂದಿನ ಸಣ್ಣ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಈ ನಾಡಿನ ಜನರು ವಿಧಿಪೂರ್ವಕ ಓದದೆಯೂ ಕಾವ್ಯದಲ್ಲಿ ಪರಿಣತರೆಂದು ಹೊಗಳಿತು. ಓದಿನ ಮೊದಲು ಕೇಳುವುದೂ ಹೇಳುವುದೂ ಇದ್ದವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನವು ಅಲ್ಲಿಯ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಹೇಳುತ್ತದೆ. ಅದೇ ಸೀಮೆಯಲ್ಲಿ, ಭೀಮಾನದಿಯ ದಂಡೆಯ ಸನ್ನತಿಯ ನೆರೆಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಜಾತಕದ ಕಥೆಗಳನ್ನು ಕಲ್ಲಿನ ಹಾಸುಗಳ ಮೇಲೆ ಕೆತ್ತಿದ್ದಾರೆ. ಚಿತ್ರದ ಜೊತೆಗೆ ಅದರ ಹೆಸರನ್ನು ಬ್ರಾಹ್ಮೀ ಅಕ್ಷರಗಳಲ್ಲಿ ಕೊರೆದಿದ್ದಾರೆ. ಚಿತ್ರ ನೋಡಿ, ಹೆಸರು ಓದಿ, ಕಥೆ ನೆನೆಯುವುದು: ಇಂದು ನಾವು ಮಗುವಿನ ಕೈಗೆ ಕೊಡುವ ಚಿತ್ರಪುಸ್ತಕದ ರೀತಿಯೂ ಇದೇ ತಾನೇ? ಶಹಾಬಾದದ ಫರಸಿ ಕಲ್ಲು ನಮ್ಮ ಮನೆಗಳ ನೆಲವಾಗಿದೆ. ಆ ನೆಲದ ಮೇಲೆಯೇ ಇದ್ದಿಲಿನಿಂದ ನಾವು ಮೊದಲ ಅಕ್ಷರ ತೀಡಿದ್ದು. ವಾಡಿಯೋ ರೈಲಿನ ಕೂಡುದಾರಿ, ಸಿಮೆಂಟಿನ ಊರು. ದುಡಿಯಲು ಬಂದವರ ಮಕ್ಕಳು ತೆಲುಗು, ಮರಾಠಿ, ಹಿಂದಿ, ಉರ್ದುಗಳಲ್ಲಿ ತಮ್ಮ ಅಜ್ಜಿಯ ಕಥೆಗಳನ್ನು ಹೊತ್ತು ತಂದಿದ್ದಾರೆ. ಚಿಂಚೋಳಿಯ ಕಾಡಿನಂಚಿನ ತಾಂಡಾಗಳಲ್ಲಿ ಲಂಬಾಣಿಗರ ಹಾಡುಗಬ್ಬವಿದೆ. ಈ ಐದು ಊರುಗಳ ಮಕ್ಕಳು ಒಂದೆಡೆ ಕುಳಿತು ತಮ್ಮ ಮನೆಯ ಕಥೆ ಹೇಳತೊಡಗಿದರೆ ಅದೇ ದೊಡ್ಡ ಹಬ್ಬ.

ಭಾಷೆ ಅಶುದ್ಧವಾಯಿತೆಂದು ಹುಡುಗಿಯನ್ನು ತಡೆದ ನಮಗೆ ಬಳಿಕ ನೆನಪಾದವರು ಶರಣರು. ಅಂಬಿಗರ ಚೌಡಯ್ಯ ದೋಣಿ ನಡೆಸುವವ, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವ, ನುಲಿಯ ಚಂದಯ್ಯ ಹಗ್ಗ ಹೊಸೆಯುವವ, ಲಕ್ಕಮ್ಮ ಅಕ್ಕಿ ಆಯುವ ದಂಪತಿಗಳಲ್ಲೊಬ್ಬಳು. ಅವರು ತಮ್ಮ ಕಾಯಕದ ಮಾತಿನಲ್ಲಿಯೇ ಅನುಭಾವವನ್ನು ನುಡಿದರು. ಕಲ್ಯಾಣದಲ್ಲಿ ಅವರ ಮಾತನ್ನು ಕೇಳುವವರಿದ್ದರು. ಮೊದಲು ವ್ಯಾಕರಣ ಕಲಿತು ಬಾ ಎಂದು ಅವರನ್ನು ಯಾರಾದರೂ ಹಿಂದೆ ಕಳಿಸಿದ್ದರೆ ನಮ್ಮ ವಚನಭಂಡಾರದಲ್ಲಿ ಎಷ್ಟು ಉಳಿಯುತ್ತಿತ್ತು?

ಎರಡು ವಾರಗಳ ತರುವಾಯ ನಾವು ಮತ್ತೆ ಆ ಊರಿಗೆ ಹೋದೆವು. ಹುಡುಗಿ ಪಂಚಾಯಿತಿಯ ಗ್ರಂಥಾಲಯದಲ್ಲಿ ಇದ್ದಳು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಯೋಜನೆಯಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆತಿರುವುದನ್ನು ಬಂಧುಗಳು ಬಲ್ಲರಷ್ಟೆ. ಅವಳ ಶಿಕ್ಷಕಿಯವರೂ ಜೊತೆಗಿದ್ದರು. “ತಂಗೀ, ಅಂದು ನಾವು ನಡುವೆ ಬಾಯಿ ಹಾಕಿದ್ದು ತಪ್ಪಾಯಿತು. ನಾಲ್ಕು ಬಸ್ಸು ಹೋದವು. ಮುಂದೇನಾಯಿತು?” ಎಂದೆವು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲನೆ ಹೇಳತೊಡಗಿದಳು. ಆಡಿನ ಮರಿ ಒಂದು ದಿನ ಶಾಲೆಯ ಕಿಟಕಿಯ ಕೆಳಗೆ ಹುಲ್ಲು ಮೇಯುತ್ತಿತ್ತು. ಒಳಗೆ ಮಕ್ಕಳು ಎಣಿಕೆ ಹೇಳುತ್ತಿದ್ದರು. ನಾಲ್ಕಾದ ಮೇಲೆ ಐದು ಇದೆಯೆಂದು ಅದಕ್ಕೆ ಅಂದು ತಿಳಿಯಿತು. ಅಂದಿನ ಸಂಜೆ ಅದು ಐದನೆಯ ಬಸ್ಸಿನವರೆಗೆ ಕಾಯಿತು.

“ಬಂದಳೇ?” ಎಂದೆವು.

“ಹೋಳಿಗಿ ಬರ್ತೀನಂತ ಫೋನ್ ಮಾಡ್ಯಾಳ್ರಿ ಮುತ್ಯಾ” ಎಂದಳು.

ಒಡತಿ ಯಾರೆಂಬುದು ನಮಗೆ ಆಗ ತಿಳಿಯಿತು. ಈ ಕಥೆಗೆ ನಾವು ನೀತಿ ಕೇಳಿದ್ದೆವು! ಒಂದು ನೋಟುಬುಕ್ಕನ್ನೂ ಪೆನ್ಸಿಲನ್ನೂ ಅವಳ ಕೈಗಿತ್ತು, ಹೇಳಿದಂತೆಯೇ ಬರೆಯೆಂದು ಹೇಳಿ ಬಂದೆವು. ತಾಂಡಾದ ಮಾತುಗಳನ್ನು ಹಾಗೆಯೇ ಇರಿಸಲು ಶಿಕ್ಷಕಿಯವರು ಒಪ್ಪಿದರು. ಕಾಗುಣಿತವನ್ನು ಆಮೇಲೆ ಇಬ್ಬರೂ ಕುಳಿತು ನೋಡುವರಂತೆ.

ಬಂಧುಗಳೆ, ಓದುವ ಮಗು ಬೇಕೆಂದು ಎಲ್ಲರೂ ಬಯಸುತ್ತೇವೆ. ಬರೆಯುವ ಮಗು ಬೇಕೆಂದು ಕೆಲವರಾದರೂ ಬಯಸುತ್ತೇವೆ. ಅದಕ್ಕೆ ಮೊದಲು ಕೇಳುವ ಹಿರಿಯರು ಬೇಕು. ರಾತ್ರಿ ಊಟವಾದ ಮೇಲೆ ಟಿ.ವಿ.ಯನ್ನೂ ಮೊಬೈಲನ್ನೂ ಅರ್ಧ ಗಂಟೆ ಬದಿಗಿರಿಸಿ, ಒಂದು ದಿನ ನೀವು ಕಥೆ ಹೇಳಿರಿ, ಮರುದಿನ ಮಗುವಿನಿಂದ ಹೇಳಿಸಿರಿ. ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಒಳ್ಳೆಯ ಕಾಯಕವಿಲ್ಲ. ಊರಿನ ಗ್ರಂಥಾಲಯಕ್ಕೆ ಮಗುವಿನ ಕೈಹಿಡಿದು ಹೋಗಿರಿ. ಶ್ರಾವಣದಲ್ಲಿ ಪುರಾಣ ಹಚ್ಚುವ ಮಠಗಳಲ್ಲಿ, ದಿನವೂ ಮಂಗಳಾರತಿಗೆ ಮುಂಚೆ ಹತ್ತು ನಿಮಿಷವನ್ನು ಒಂದು ಮಗುವಿಗೆ ಬಿಟ್ಟುಕೊಡಲೆಂದು ಪೂಜ್ಯರಲ್ಲಿ ನಮ್ಮ ವಿನಂತಿ. ಮಗು ತಪ್ಪಿದರೆ ತಪ್ಪಲಿ. ಕಥೆ ಮುಗಿಯುವವರೆಗೆ ನಾವು ಕೇಳಬೇಕಾದ ಪ್ರಶ್ನೆ ಒಂದೇ. ಅದನ್ನು ನಮ್ಮ ಗುರುಗಳು ಕಲಿಸಿದ್ದರು; ಮರೆತದ್ದನ್ನು ತಾಂಡಾದ ಒಬ್ಬ ಹುಡುಗಿ ನೆನಪಿಸಿದಳು.

ಇಬ್ಬರಿಗೂ ಶರಣು.