ಎರಡು ಚೀಲವೋ, ಹತ್ತು ಚೀಲವೋ

ಊರಿನಲ್ಲಿ ಮನೆ ಕಟ್ಟಿಸುವ ಯೋಗ ಹೊರದೇಶದಲ್ಲಿರುವ ನಮ್ಮಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ಒದಗುತ್ತದೆ. ಬ್ಲಾಕುಗಳನ್ನು ಎಣಿಸಬಹುದು, ಕಬ್ಬಿಣವನ್ನು ತೂಗಬಹುದು. ಗೋಡೆಯ ಸಂದಿನಲ್ಲಿ ಅಡಗಿಹೋಗುವ ಗಾರೆಯ ಲೆಕ್ಕ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅನುಮಾನ ಹುಟ್ಟುವುದೂ ಅಲ್ಲಿಯೇ.

ಕಳೆದ ವರ್ಷ ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ಮಹಡಿ ಹತ್ತಲಾರದ ಅಮ್ಮನಿಗಾಗಿ ಹಳೆಯ ಮನೆಗೆ ತಾಗಿದಂತೆ ಕೆಳಗೊಂದು ಕೋಣೆ ಕಟ್ಟಿಸಿದೆವು. ನಾವು ಒಡಹುಟ್ಟಿದವರು ಮೂವರು: ಅಕ್ಕ ಮೈಸೂರಿನಲ್ಲಿ, ತಮ್ಮ ಮಸ್ಕತ್ತಿನಲ್ಲಿ, ನಾವು ಇಲ್ಲಿ ಇಂಗ್ಲೆಂಡಿನಲ್ಲಿ. ಕೆಲಸ ಒಪ್ಪಿಕೊಂಡವರು ಅಪ್ಪನ ಕಾಲದಲ್ಲಿ ಆ ಮನೆಯನ್ನೇ ಕಟ್ಟಿದ ಮೇಸ್ತ್ರಿ. ಅಪ್ಪ ತೀರಿಕೊಂಡ ಮೇಲೂ ಹಿತ್ತಿಲ ನಲ್ಲಿ ಕೆಟ್ಟರೆ ಬಂದು ವಿಚಾರಿಸಿಕೊಂಡು ಹೋಗುವವರು.

ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಅವರು ಸಾಮಾನಿನ ಪಟ್ಟಿ ಕಳುಹಿಸಿದರು. ಗೋಡೆ ಕೆಲಸಕ್ಕೆ ಒಟ್ಟು ಸಿಮೆಂಟ್ 10 ಚೀಲ. ತಮ್ಮ ತನ್ನ ಫೋನಿನಲ್ಲಿ ಲೆಕ್ಕ ಹಾಕಿ ನೋಡಿದರೆ ಬಂದ ಉತ್ತರ 2 ಚೀಲ. ‘ಉಳಿದ ಎಂಟು ಎಲ್ಲಿ ಹೋದವು? ನಾಳೆ ಬೆಳಿಗ್ಗೆ ಮೇಸ್ತ್ರಿಯನ್ನೇ ಕೇಳುತ್ತೇನೆ’ ಎಂದು ನಮ್ಮ ಮೂವರ ಗುಂಪಿಗೆ ಬರೆದ. ಒಂದು ದಿನ ತಡೆದುಕೊಳ್ಳಲು ಹೇಳಿದೆವು. ಆ ಮಾತು ಒಮ್ಮೆ ಬಾಯಿಂದ ಹೊರಟರೆ ಅಮ್ಮ ಆ ಮನುಷ್ಯನ ಮುಖ ನೋಡುವುದು ಹೇಗೆ?

ರಾತ್ರಿ ಕಾಗದ ಹಿಡಿದು ಕುಳಿತೆವು. ಹೊಸದಾಗಿ ಏಳಬೇಕಾದವು ಮೂರು ಗೋಡೆಗಳು. ಬಾಗಿಲು, ಕಿಟಕಿ ಕಳೆದು 30 ಚದರ ಮೀಟರ್. ಬ್ಲಾಕಿನ ಅಳತೆ 390 × 190 ಮಿಲಿಮೀಟರ್, ದಪ್ಪ 150. ಸಂದು 10 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದು ಚದರ ಮೀಟರಿಗೆ ಹನ್ನೆರಡೂವರೆ ಬ್ಲಾಕು ಬೇಕು. ಗೋಡೆಯ ಘನ ಅಳತೆಯಲ್ಲಿ ಬ್ಲಾಕುಗಳ ಪಾಲನ್ನು ಕಳೆದರೆ ಉಳಿಯುವ ಗಾರೆ ಸುಮಾರು 11 ಲೀಟರ್. ಇಡೀ ಗೋಡೆಗೆ 332 ಲೀಟರ್. ಒಣ ಸಿಮೆಂಟು ಮತ್ತು ಮರಳು ನೀರು ಬಿದ್ದೊಡನೆ ಕುಗ್ಗುತ್ತವೆ, ಮರಳಿನ ಕಣಗಳ ನಡುವಿನ ಖಾಲಿ ಜಾಗಕ್ಕೆ ಸಿಮೆಂಟು ಇಳಿಯುತ್ತದೆ. ಆದ್ದರಿಂದ ಒಣ ಸಾಮಾನನ್ನು ಮೂರನೆಯ ಒಂದು ಪಾಲು ಹೆಚ್ಚಾಗಿ, ಎಂದರೆ 443 ಲೀಟರ್, ಹಿಡಿಯಬೇಕು. ಒಂದಕ್ಕೆ ಆರು ಮಿಶ್ರಣದಲ್ಲಿ ಅದರ ಏಳನೆಯ ಒಂದು ಭಾಗ ಸಿಮೆಂಟು: 63 ಲೀಟರ್. 50 ಕಿಲೋ ಚೀಲವೊಂದು ಸುಮಾರು 35 ಲೀಟರ್. ಆಯಿತಲ್ಲ, ಎರಡೇ ಚೀಲ. ತಮ್ಮನ ಗಣಿತದಲ್ಲಿ ತಪ್ಪಿರಲಿಲ್ಲ.

ಆದರೆ ಗೋಡೆ ಕೆಲಸ ಎಂದರೆ ಮೇಸ್ತ್ರಿಗಳ ಮಾತಿನಲ್ಲಿ ಬ್ಲಾಕು ಕಟ್ಟುವುದಷ್ಟೇ ಅಲ್ಲ, ಗಿಲಾವೂ ಸೇರಿದೆ. ಒಳಮೈಗೆ 12, ಹೊರಮೈಗೆ 15 ಮಿಲಿಮೀಟರ್ ಬಳಿದರೆ 810 ಲೀಟರ್ ಗಾರೆ. ಸಂದುಗಳು ಕುಡಿಯುವುದಕ್ಕಿಂತ ಎರಡು ಪಟ್ಟಿಗೂ ಮಿಗಿಲು! ಅದಕ್ಕೇ ನಾಲ್ಕೂವರೆ ಚೀಲ ಸಿಮೆಂಟು ಬೇಕು. ಚೆಲ್ಲುವುದು, ಉದುರುವುದು ಸೇರಿ ಐದು.

ಮಿಕ್ಕ ಮೂರು ಚೀಲದ ಉತ್ತರ ಕಾಗದದಲ್ಲಿರಲಿಲ್ಲ. ಮರುದಿನ ಊರಿಗೆ ಹೋಗಲಿದ್ದ ಅಕ್ಕನಿಗೆ, ಸಂದುಗಳ ಮೇಲೆ ಶಾಲೆಯ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಲು ಹೇಳಿದೆವು. ಹೆಚ್ಚಿನವು 18ರಿಂದ 20 ಮಿಲಿಮೀಟರ್! ಸಂದು ಹತ್ತರಿಂದ ಇಪ್ಪತ್ತಕ್ಕೆ ಹೋದರೆ ಗಾರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪೋಲಾಗುವುದೂ ಸೇರಿ ನಾಲ್ಕು ಚೀಲ. ಕಾರಣವನ್ನು ಮೇಸ್ತ್ರಿ ಅಕ್ಕನಿಗೆ ಒಂದೇ ಮಾತಿನಲ್ಲಿ ಹೇಳಿದರಂತೆ: ‘ಬ್ಲಾಕಿನ ಅಂಚೇ ನೆಟ್ಟಗಿಲ್ಲ ಕಣಮ್ಮ, ಸಂದಲ್ಲಿ ಸರಿ ಮಾಡ್ಕಬೇಕು.’ ಬ್ಲಾಕು ತಯಾರಿಸಿದವರ ಅಚ್ಚು ಸವೆದಿತ್ತು. ಆ ದೋಷ ನಮ್ಮ ಕಣ್ಣಿಗೆ ಬಿದ್ದದ್ದು ಸಿಮೆಂಟಿನ ಚೀಲವಾಗಿ.

ನಾಲ್ಕು, ಐದು, ಕೈಗಿರಲಿ ಎಂದು ಒಂದು. ಪಟ್ಟಿ ಸರಿಯಾಗಿಯೇ ಇತ್ತು. ತಮ್ಮ ತನ್ನ ಸಂದೇಶವನ್ನು ಅಳಿಸಿದ, ಅದರ ಮೇಲೆ ಮಾತು ಬೆಳೆಸಲಿಲ್ಲ.

ಸಿಮೆಂಟು ಹೆಚ್ಚು ಹಾಕಿದಷ್ಟೂ ಗಟ್ಟಿ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. ಔಷಧದ ಪ್ರಮಾಣದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ಅಗತ್ಯಕ್ಕೆ ಮೀರಿ ಸಿಮೆಂಟು ಬಿದ್ದ ಗಾರೆ ಒಣಗುವಾಗ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ. ಮರಳು ಒದ್ದೆಯಿದ್ದರೆ ಉಬ್ಬಿರುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಅಳೆದರೆ ನಿಜಕ್ಕೂ ಬೀಳುವ ಮರಳು ಕಡಿಮೆ. ಇದನ್ನು ನಾವು ಮೇಸ್ತ್ರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಳೆ ಬಂದ ಮರುದಿನ ಅವರೇ ಪ್ರತಿ ಚೀಲಕ್ಕೆ ಒಂದು ಬಾಂಡ್ಲಿ ಮರಳು ಹೆಚ್ಚು ಹಾಕಿಸುತ್ತಿದ್ದರು.

ಅಕ್ಕ ಕಳುಹಿಸಿದ ಚಿತ್ರಗಳಲ್ಲಿ ವೈದ್ಯರ ಕಣ್ಣಿಗೆ ಬಿದ್ದದ್ದು ಇನ್ನೊಂದು: ಅಳತೆಪಟ್ಟಿಯ ಪಕ್ಕದಲ್ಲಿ ಮೇಸ್ತ್ರಿಯ ಕೈ. ಬೆರಳ ಸಂದುಗಳಲ್ಲಿ ಒಡೆದ, ದಪ್ಪಗಟ್ಟಿದ ಚರ್ಮ. ಹಸಿ ಸಿಮೆಂಟು ಬಲವಾದ ಕ್ಷಾರ, ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ಜೀವನಪರ್ಯಂತ ಬಿಡದ ಅಲರ್ಜಿಯನ್ನು ತರುತ್ತದೆ. ಬ್ರಿಟನ್ ಸೇರಿದಂತೆ ಯುರೋಪಿನ ದೇಶಗಳಲ್ಲಿ 2005ರಿಂದ, ನೀರಿನಲ್ಲಿ ಕರಗುವ ಆ ಕ್ರೋಮಿಯಂ ಸಿಮೆಂಟಿನಲ್ಲಿ ಹತ್ತು ಲಕ್ಷದಲ್ಲಿ ಎರಡು ಪಾಲನ್ನು ಮೀರುವಂತಿಲ್ಲ.

ಪಟ್ಟಿಯ ಕೊನೆಗೆ ನಾವೇ ಒಂದು ಸಾಲು ಸೇರಿಸಿದೆವು: ರಬ್ಬರ್ ಕೈಗವಸು, 6 ಜೊತೆ. ಆಳುಗಳು ಹಾಕಿಕೊಂಡರು. ಮೇಸ್ತ್ರಿ ಮಾತ್ರ ಎಡಗೈಗಷ್ಟೇ ಹಾಕಿಕೊಂಡು ಗಿಲಾವು ಮುಗಿಸಿದರೆಂದು ಅಮ್ಮ ಹೇಳಿದರು. ಬಲಗೈಗೂ ಹಾಕಿದರೆ ಕರಣೆ ಜಾರುತ್ತದಂತೆ.